ಎರಡು ಪ್ರಾಕ್ಸ್‌ಮಾಕ್ಸ್ ಸರ್ವರ್, ಒಂದು ನ್ಯಾಸ್: ಎನ್‌ಎಫ್‌ಎಸ್ ಹಾಕಬೇಕಾ, ಐಸ್ಕಸಿ ಹಾಕಬೇಕಾ?

ಸಾಗರದ ನಿಮ್ಮ ಅಡಿಕೆ ಮಂಡಿಯಲ್ಲಿ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವಿಎಂ, ಅಂದರೆ ವರ್ಚುವಲ್ ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಹಾಕಿದ ಎರಡು ಸರ್ವರ್ ಇವೆ. ಟ್ಯಾಲಿ ಇರುವ ವಿಂಡೋಸ್ ವಿಎಂ, ಬಿಲ್ಲಿಂಗ್ ಡೇಟಾಬೇಸ್, ಇನ್ನೂ ನಾಲ್ಕಾರು ಸಣ್ಣ ವಿಎಂಗಳು ಅವುಗಳ ಮೇಲೆ ಓಡುತ್ತಿವೆ. ಒಂದು ಸರ್ವರ್ ಕೆಟ್ಟರೆ ಎಲ್ಲವೂ ಇನ್ನೊಂದರಲ್ಲಿ ಏಳಬೇಕು, ಅದಕ್ಕಾಗಿ ಒಂದು ನ್ಯಾಸ್ (ನೆಟ್‌ವರ್ಕ್ ಮೂಲಕ ಡಿಸ್ಕ್ ಜಾಗ ಕೊಡುವ ಡಬ್ಬ) ತರುತ್ತೇವೆ, ಆ ಜಾಗವನ್ನು ಸರ್ವರ್‌ಗಳಿಗೆ ಕೊಡಲು ಎನ್‌ಎಫ್‌ಎಸ್ ಹಾಕಲಾ ಐಸ್ಕಸಿ ಹಾಕಲಾ ಅಂತ ಕೇಳಿದ್ದೀರಿ.

ಎನ್‌ಎಫ್‌ಎಸ್ ಹಾಕಿ. ಶಿವಮೊಗ್ಗದಲ್ಲಿ ನಾನು ನೋಡಿಕೊಳ್ಳುವುದೂ ಇಂಥದ್ದೇ ಸಣ್ಣ ಸೆಟಪ್‌ಗಳನ್ನು. ಈ ಅಳತೆಗೆ ಐಸ್ಕಸಿಯಿಂದ ಸಿಗುವ ಲಾಭಕ್ಕಿಂತ ತಲೆನೋವೇ ಜಾಸ್ತಿ.

ಎನ್‌ಎಫ್‌ಎಸ್‌ನಲ್ಲಿ ವಿಎಂನ ಡಿಸ್ಕ್ ಅಂದರೆ ನ್ಯಾಸ್ ಮೇಲಿನ ಒಂದು ಫೈಲು, ಅಷ್ಟೇ. ಕ್ಯೂಕೌ2 ಫಾರ್ಮ್ಯಾಟ್‌ನಲ್ಲಿ ಇಟ್ಟರೆ ಸ್ನ್ಯಾಪ್‌ಶಾಟ್ ಸಿಗುತ್ತದೆ, ಬಳಸಿದಷ್ಟೇ ಜಾಗ ಹಿಡಿಯುತ್ತದೆ. ಐಸ್ಕಸಿಯಲ್ಲಿ ನ್ಯಾಸ್ ಕೊಡುವುದು ಬರೀ ಬ್ಲಾಕ್‌ಗಳನ್ನು, ಫೈಲ್ ಸಿಸ್ಟಮ್ ಅಲ್ಲ. ಅದರ ಮೇಲೆ ಇಎಕ್ಸ್‌ಟಿ4ನಂಥ ಸಾಮಾನ್ಯ ಫೈಲ್ ಸಿಸ್ಟಮ್ ಹಾಕಿ ಎರಡೂ ಸರ್ವರ್‌ನಿಂದ ಮೌಂಟ್ ಮಾಡಿದರೆ ಡೇಟಾ ಕೆಟ್ಟು ಹೋಗುತ್ತದೆ. ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಹೇಳದೆ ಒಂದೇ ಖಾತೆ ಪುಸ್ತಕದಲ್ಲಿ ಬರೆದ ಹಾಗೆ ಆಗುತ್ತದೆ. ಅದರ ಬದಲು ಎಲ್‌ವಿಎಂ (ಜಾಗವನ್ನು ತುಂಡು ಮಾಡಿ ಹಂಚುವ ಲಿನಕ್ಸ್ ವ್ಯವಸ್ಥೆ) ಹಾಕಬೇಕು. ಎರಡೂ ಸರ್ವರ್ ಹಂಚಿಕೊಂಡ ಲನ್ (ಐಸ್ಕಸಿ ಕೊಡುವ ಡಿಸ್ಕ್) ಮೇಲೆ ತಿನ್, ಅಂದರೆ ಬಳಸಿದಷ್ಟೇ ಜಾಗ ಹಿಡಿಯುವ ಎಲ್‌ವಿಎಂ ನಡೆಯುವುದಿಲ್ಲ, ಹಾಗಾಗಿ ಪೂರ್ತಿ ಜಾಗ ಮೊದಲೇ ಕೊಡಬೇಕು. ಎರಡು ದಾರಿಯಲ್ಲಿ ಮಲ್ಟಿಪಾತ್ ಬೇಕಾದವರಿಗೆ ಐಸ್ಕಸಿ ಒಳ್ಳೆಯದೇ. ನಿಮಗೆ ಅದು ಬೇಕಿಲ್ಲ.

ಆದರೆ ನನ್ನ ಪ್ರಕಾರ ನಿಮ್ಮ ತಲೆ ಓಡಬೇಕಾದ್ದು ಬೇರೆ ಕಡೆ. ಈಗ ಒಂದು ಸರ್ವರ್ ಕೆಟ್ಟರೆ ಅರ್ಧ ಕೆಲಸ ನಿಲ್ಲುತ್ತದೆ. ನ್ಯಾಸ್ ಬಂದ ಮೇಲೆ ಅದೊಂದು ಡಬ್ಬ ಕೆಟ್ಟರೆ ಎರಡೂ ಸರ್ವರ್ ಸುಮ್ನೆ ಕೂತಿರುತ್ತವೆ. ದುಡ್ಡು ಸುರಿಯುವುದಿದ್ದರೆ ಆ ಡಬ್ಬಕ್ಕೆ, ಅದರ ಕೇಬಲ್‌ಗೆ, ಅದರ ಕರೆಂಟಿಗೆ ಸುರಿಯಿರಿ.

ಕೇಬಲ್ ವಿಷಯ ಮೊದಲು. 1 ಗಿಗಾಬಿಟ್ ಅಂದರೆ ಸೆಕೆಂಡಿಗೆ ಸುಮಾರು 110 ಮೆಗಾಬೈಟ್, ಅದನ್ನು ನಿಮ್ಮ ಎಲ್ಲ ವಿಎಂಗಳೂ ಹಂಚಿಕೊಳ್ಳಬೇಕು. ಆಫೀಸಿನ ಲ್ಯಾನ್ ಮೇಲೆಯೇ ಸ್ಟೋರೇಜ್ ಓಡಿಸಬೇಡಿ. ನಿಮಗೆ 10 ಗಿಗಾಬಿಟ್ ಸ್ವಿಚ್ ಕೂಡ ಬೇಡ. ನ್ಯಾಸ್‌ಗೆ ಎರಡು ಪೋರ್ಟಿನ 10 ಗಿಗಾಬಿಟ್ ಕಾರ್ಡ್ ಹಾಕಿ, ಪ್ರತಿ ಸರ್ವರ್‌ಗೆ ನೇರವಾಗಿ ಒಂದೊಂದು ಡ್ಯಾಕ್ ಕೇಬಲ್ (ಎರಡೂ ತುದಿಗೆ ಪ್ಲಗ್ ಸೇರಿಯೇ ಬರುವ ಗಿಡ್ಡ ತಾಮ್ರದ ಕೇಬಲ್) ಎಳೆಯಿರಿ. ಎರಡು ಪೋರ್ಟಿಗೆ ಎರಡು ಸಬ್‌ನೆಟ್, ಅಂದರೆ ಬೇರೆ ಬೇರೆ ಐಪಿ ಸಾಲು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಸ್ಟೋರೇಜ್ ವಿಳಾಸ ಇಡೀ ಕ್ಲಸ್ಟರ್‌ಗೆ (ಜೋಡಿಸಿದ ಎರಡೂ ಸರ್ವರ್‌ಗೆ) ಒಂದೇ ಇರುತ್ತದಲ್ವಾ, ಅಲ್ಲಿ ಐಪಿ ಬದಲು ಒಂದು ಹೆಸರು ಕೊಡಿ. ಆ ಹೆಸರಿಗೆ ಯಾವ ಐಪಿ ಅನ್ನುವುದನ್ನು ಆಯಾ ಸರ್ವರ್‌ನ ಹೋಸ್ಟ್ಸ್ ಫೈಲಿನಲ್ಲಿ ಬೇರೆ ಬೇರೆಯಾಗಿ ಬರೆಯಿರಿ. ಲೈವ್ ಮೈಗ್ರೇಷನ್ (ಓಡುತ್ತಿರುವ ವಿಎಂ ಅನ್ನು ಇನ್ನೊಂದು ಸರ್ವರ್‌ಗೆ ದಾಟಿಸುವುದು) ಹಳೆಯ ಲ್ಯಾನ್ ಮೇಲೆಯೇ ಆಗಲಿ. ಡಿಸ್ಕ್ ಇದ್ದಲ್ಲೇ ಇರುತ್ತದೆ, ರ‍್ಯಾಮ್ ಮಾತ್ರ ದಾಟಬೇಕು.

ನ್ಯಾಸ್‌ನ ಡಿಸ್ಕ್‌ಗಳನ್ನು ಝಡ್‌ಎಫ್‌ಎಸ್ (ಡಿಸ್ಕ್‌ಗಳನ್ನೂ ಗುಂಪು ಮಾಡುವ ಫೈಲ್ ಸಿಸ್ಟಮ್) ಮಿರರ್ ಜೋಡಿಗಳಾಗಿ, ಅಂದರೆ ಜೋಡಿಯ ಎರಡರಲ್ಲೂ ಒಂದೇ ಡೇಟಾ ಇರುವ ಹಾಗೆ ಹಾಕಿ. ನಾಲ್ಕು ಡಿಸ್ಕ್ ಇದ್ದರೆ ಎರಡು ಜೋಡಿ. ಎಲ್ಲ ಡಿಸ್ಕ್ ಒಂದೇ ಗುಂಪಾಗುವ ರೈಡ್‌ಝಡ್ ಹಾಕಿದರೆ ಜಾಗ ಜಾಸ್ತಿ ಸಿಗುತ್ತದೆ ನಿಜ. ಆದರೆ ವಿಎಂಗಳು ಮಾಡುವ ಚಿಲ್ಲರೆ ಓದು-ಬರಹಕ್ಕೆ ಇಡೀ ಗುಂಪು ಹೆಚ್ಚುಕಡಿಮೆ ಒಂದೇ ಡಿಸ್ಕಿನ ವೇಗದಲ್ಲಿ ನಡೆಯುತ್ತದೆ. ಎಸ್‌ಎಂಆರ್ ಡಿಸ್ಕ್ (ಬರೆದದ್ದರ ಮೇಲೆ ಮತ್ತೆ ಬರೆಯುವುದರಲ್ಲಿ ತುಂಬಾ ನಿಧಾನವಾದ ಬಗೆ) ಮಾತ್ರ ಬೇಡವೇ ಬೇಡ.

ಇನ್ನು ಸಿಂಕ್ ರೈಟ್. ಡೇಟಾಬೇಸ್ ಒಂದು ಬಿಲ್ ಉಳಿಸುವಾಗ "ಬರೆದಾಯಿತಾ?" ಅಂತ ಕೇಳುತ್ತದೆ. ನಿಜವಾಗಿ ಡಿಸ್ಕಿಗೆ ಇಳಿದ ಮೇಲೆಯೇ ನ್ಯಾಸ್ "ಆಯಿತು" ಅನ್ನಬೇಕು. ತಿರುಗುವ ಡಿಸ್ಕ್‌ಗಳಲ್ಲಿ ಇದು ನಿಧಾನ. ಆಗ ಯಾರಾದರೂ ಸಿಂಕ್ ಆಫ್ ಮಾಡಿ, ರಾಕೆಟ್ ತರ ಓಡುತ್ತೆ ಅನ್ನುತ್ತಾರೆ. ಓಡುತ್ತದೆ, ಕರೆಂಟು ಇರುವ ತನಕ. ಝಡ್‌ಎಫ್‌ಎಸ್ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಗುಂಪಾಗಿ ಡಿಸ್ಕಿಗೆ ಇಳಿಸುತ್ತದೆ. ಆ ನಡುವೆ ಕರೆಂಟು ಹೋದರೆ ಪೂಲ್ (ಡಿಸ್ಕ್‌ಗಳ ಒಟ್ಟು ಗುಂಪು) ಚೆನ್ನಾಗಿಯೇ ಇರುತ್ತದೆ, ಆದರೆ "ಆಯಿತು" ಅಂತ ಹೇಳಿಸಿಕೊಂಡ ಬಿಲ್‌ಗಳು ಇರುವುದಿಲ್ಲ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವ ಊರಲ್ಲಿ ಕೂತು ಈ ಜೂಜು ಆಡಬಾರದು. ಪವರ್ ಲಾಸ್ ಪ್ರೊಟೆಕ್ಷನ್ ಇರುವ, ಅಂದರೆ ಒಳಗೆ ಕೆಪಾಸಿಟರ್ ಇರುವ ಒಂದು ಸಣ್ಣ ಎಸ್‌ಎಸ್‌ಡಿ ತಂದು ಸ್ಲಾಗ್ (ಸಿಂಕ್ ರೈಟ್‌ಗಳು ಮೊದಲು ಇಳಿಯುವ ಜಾಗ) ಮಾಡಿ. ಬಜೆಟ್ ಇದ್ದರೆ ಇಡೀ ಪೂಲನ್ನೇ ಅಂಥ ಎಸ್‌ಎಸ್‌ಡಿಗಳಲ್ಲಿ ಕಟ್ಟಿ.

ಯುಪಿಎಸ್ ಎಲ್ಲರೂ ತರುತ್ತಾರೆ. ಅದರ ಯುಎಸ್‌ಬಿ ಕೇಬಲ್ ಮಾತ್ರ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದನ್ನು ನ್ಯಾಸ್‌ಗೆ ಸಿಕ್ಕಿಸಿ, ನಟ್ ಸಾಫ್ಟ್‌ವೇರ್ ಮೂಲಕ ಸರ್ವರ್‌ಗಳಿಗೂ ಕರೆಂಟು ಹೋದ ಸುದ್ದಿ ಮುಟ್ಟುವ ಹಾಗೆ ಮಾಡಿ. ಆ ಸುದ್ದಿ ದಾಟುವ ಸ್ವಿಚ್ ಕೂಡ ಯುಪಿಎಸ್ ಮೇಲೆಯೇ ಇರಲಿ. ಮೊದಲು ವಿಎಂಗಳು ಆಫ್ ಆಗಬೇಕು, ಆಮೇಲೆ ಸರ್ವರ್‌ಗಳು, ಕೊನೆಗೆ ನ್ಯಾಸ್. ಏಳುವಾಗ ತಿರುಗಾಮುರುಗಾ. ನ್ಯಾಸ್ ಏಳುವ ಮೊದಲೇ ಸರ್ವರ್ ಎದ್ದರೆ ವಿಎಂ ಸ್ಟಾರ್ಟ್ ಆಗದೆ ಬಿದ್ದಿರುತ್ತದೆ. ಪ್ರಾಕ್ಸ್‌ಮಾಕ್ಸ್‌ನ ನೋಡ್ ಆಪ್ಷನ್ಸ್‌ನಲ್ಲಿ ಸ್ಟಾರ್ಟ್ ಆನ್ ಬೂಟ್ ಡಿಲೇ ಇದೆ, 300 ಸೆಕೆಂಡ್ ತನಕ ಕೊಡಬಹುದು. ಹಾಗೆಯೇ ಗೋದಾಮಿಗೂ ಆಫೀಸಿಗೂ ನಡುವೆ ಹೊರಗಡೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ತೆಗೆದು ಫೈಬರ್ ಹಾಕಿ. ಏಪ್ರಿಲ್-ಮೇ ಸಿಡಿಲಿಗೆ ಅದೇ ದಾರಿ.

ಎರಡೇ ಸರ್ವರ್ ಇರುವ ಕ್ಲಸ್ಟರ್‌ನಲ್ಲಿ ಒಂದು ಹೋದರೆ ಉಳಿದದ್ದಕ್ಕೆ ಬಹುಮತ ಇರುವುದಿಲ್ಲ, ಅದು ವಿಎಂ ಎಬ್ಬಿಸುವುದಿಲ್ಲ. ಮೂರನೇ ಓಟಿಗೆ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮೇಲೆ ಕ್ಯೂಡಿವೈಸ್ (ಓಟು ಹಾಕುವ ಸಣ್ಣ ಪ್ರೋಗ್ರಾಂ) ಇಟ್ಟರೆ ಸಾಕು.

ಇಷ್ಟೆಲ್ಲ ಓದಿ ಖರ್ಚು ಜಾಸ್ತಿ ಅನ್ನಿಸಿದರೆ ನ್ಯಾಸನ್ನೇ ಬಿಡಬಹುದು. ಎರಡೂ ಸರ್ವರ್‌ನಲ್ಲಿ ಲೋಕಲ್ ಝಡ್‌ಎಫ್‌ಎಸ್ ಹಾಕಿ, ಪ್ರಾಕ್ಸ್‌ಮಾಕ್ಸ್‌ನ ರೆಪ್ಲಿಕೇಷನ್ ಆನ್ ಮಾಡಿ. ಅದು ತಾನಾಗಿ 15 ನಿಮಿಷಕ್ಕೊಮ್ಮೆ ಕಾಪಿ ಮಾಡುತ್ತದೆ, 1 ನಿಮಿಷಕ್ಕೂ ಇಳಿಸಬಹುದು. ಸರ್ವರ್ ಸತ್ತರೆ ಕೊನೆಯ ಕಾಪಿಯ ನಂತರದ ಬಿಲ್‌ಗಳನ್ನು ಮತ್ತೆ ಹೊಡೆಯಬೇಕು. ಮಂಡಿಯಲ್ಲಿ ಕೈಬರಹದ ಚೀಟಿ ಇದ್ದೇ ಇರುತ್ತದಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಆರಿಸುತ್ತಿದ್ದೆ. ಕ್ಯೂಡಿವೈಸ್ ಇಲ್ಲಿಯೂ ಬೇಕು.

ನ್ಯಾಸೇ ಆಗಲಿ ಅಂದರೆ ಬ್ಯಾಕಪ್ ಅದರ ಮೇಲೆಯೇ ಇಡಬೇಡಿ, ಬೇರೆ ಮಿಷಿನ್ ಬೇಕು. ಎನ್‌ಎಫ್‌ಎಸ್ ಮೌಂಟ್ ಹಾರ್ಡ್ ಆಗಿಯೇ ಇರಲಿ. ನ್ಯಾಸ್ ಕಾಣದಿದ್ದಾಗ ವಿಎಂ ಕಾಯುತ್ತದೆ, ಸಾಫ್ಟ್ ಮಾಡಿದರೆ ಡಿಸ್ಕ್ ಎರರ್ ಬರುತ್ತದೆ. ಟ್ಯಾಲಿಯನ್ನು ಅದರ ಮೇಲೆ ಹಾಕುವ ಮುಂಚೆ ಒಂದು ಖಾಲಿ ವಿಂಡೋಸ್ ವಿಎಂ ಓಡಿಸಿ, ನ್ಯಾಸ್‌ನ ಡ್ಯಾಕ್ ಕೇಬಲ್ ಕಿತ್ತು, ಎರಡು ನಿಮಿಷ ಬಿಟ್ಟು ಸಿಕ್ಕಿಸಿ. ಆಮೇಲೆ ಯುಪಿಎಸ್‌ನ ಪ್ಲಗ್ ಗೋಡೆಯಿಂದ ಕಿತ್ತು, ಬ್ಯಾಟರಿ ಇಳಿದಾಗ ಎಲ್ಲವೂ ಹೇಳಿದ ಸರದಿಯಲ್ಲೇ ಆಫ್ ಆಗುತ್ತವಾ ನೋಡಿ. ಯಾವ ಹಂತದಲ್ಲಿ ನಿಂತಿತು ಅಂತ ಇಲ್ಲೇ ಬರೆದರೆ ಮುಂದಿನದು ಹೇಳುತ್ತೇನೆ.