ಆ ನೀಲಿ ಗಾಜನ್ನು ತೆಗೆದಿಡಬೇಡಿ

ಪ್ರಶ್ನೆ: ಕಾಫಿ ತೋಟದ ಇಂಗ್ಲಿಷ್ ದೊರೆ ನಮ್ಮ ಅಜ್ಜನಿಗೆ ಕೊಟ್ಟದ್ದೆನ್ನುವ ಬೆಳ್ಳಿಯ ಪುಟ್ಟ ಪಾತ್ರೆ ಮನೆಯಲ್ಲಿದೆ. ಮುಚ್ಚಳದ ಅಂಚಿನಲ್ಲಿ ಒಂದು ಕಚ್ಚು, ಒಳಗೆ ಬಿರುಕು ಬಿಟ್ಟ ನೀಲಿ ಗಾಜಿನ ಬಟ್ಟಲು. ತಳದಲ್ಲಿ ಸಿಂಹ, ಲಂಗರು, ರಾಣಿಯ ತಲೆ, ಒಂದು ಅಕ್ಷರ. ಗಾಜು ತೆಗೆದು ಉಪ್ಪಿನಕಾಯಿ ಹಾಕಿಡಬಹುದೆ?
– ಓದುಗರು, ಚಿಕ್ಕಮಗಳೂರು

ಉತ್ತರ: ದಯವಿಟ್ಟು ಹಾಕಬೇಡಿ. ನಿಮ್ಮಲ್ಲಿರುವುದು ಊಟದ ಮೇಜಿನ ಸಾಸಿವೆ ಪಾತ್ರೆ. ಮುಚ್ಚಳದ ಕಚ್ಚು ಚಮಚದ ಹಿಡಿಗೆ ಬಿಟ್ಟ ಜಾಗ. 18ನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಸಿರಿವಂತರು ಮೂರು ಡಬ್ಬಿಗಳ ಜೋಡಣೆ ಇಟ್ಟುಕೊಳ್ಳುತ್ತಿದ್ದರು. ದೊಡ್ಡದು ಸಕ್ಕರೆಗೆ, ಚಿಕ್ಕವೆರಡರಲ್ಲಿ ಒಂದು ಕಾಳುಮೆಣಸಿನ ಪುಡಿಗೆ, ಇನ್ನೊಂದು ಒಣ ಸಾಸಿವೆ ಪುಡಿಗೆ. ಸಾಸಿವೆಯದರ ಮುಚ್ಚಳದಲ್ಲಿ ಎಷ್ಟೋ ಸಲ ತೂತುಗಳೇ ಇರುವುದಿಲ್ಲ, ತೂತಿನಂತೆ ಕಾಣುವ ಕೆತ್ತನೆಯಷ್ಟೇ. ಪುಡಿಯನ್ನು ಚಮಚದಲ್ಲಿ ತೆಗೆದು ತಟ್ಟೆಯ ಅಂಚಿನಲ್ಲಿ ಕಲಸಿಕೊಳ್ಳುತ್ತಿದ್ದರು. ಮೊದಲೇ ಕಲಸಿಟ್ಟ ಸಾಸಿವೆ ರೂಢಿಗೆ ಬಂದಂತೆ, 1760ರ ಆಚೆಗೆ, ಇಂಥ ಪಾತ್ರೆಗಳು ಹೆಚ್ಚಿದವು.

ಮುದ್ರೆಗಳು ಬಹಳಷ್ಟು ಹೇಳುತ್ತವೆ. ಸಿಂಹವೆಂದರೆ ಶೇ 92.5 ಶುದ್ಧ ಬೆಳ್ಳಿ, ಲಂಗರು ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಕಚೇರಿಯದು. ತಲೆಯ ಮುದ್ರೆ ಸುಂಕ ಕಟ್ಟಿದ ಗುರುತು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ಆ ಸುಂಕ ರದ್ದಾದದ್ದು 1890ರಲ್ಲಿ. ಪಾತ್ರೆ ಈ ನಡುವಿನದು. ಖಚಿತ ವರ್ಷವನ್ನು ಆ ಒಂಟಿ ಅಕ್ಷರ ತಿಳಿಸುತ್ತದೆ. ಅದರ ಲಿಪಿ ಮತ್ತು ಚೌಕಟ್ಟಿನ ಆಕಾರ ಎರಡನ್ನೂ ಬರ್ಮಿಂಗ್‌ಹ್ಯಾಮ್ ಕಚೇರಿಯ ವರ್ಷಸೂಚಕ ಅಕ್ಷರಗಳ ಪಟ್ಟಿಯೊಂದಿಗೆ ಹೋಲಿಸಿ.

ಇನ್ನು ಗಾಜು. ಅದು ಬರೀ ಅಲಂಕಾರವಲ್ಲ. ಒದ್ದೆ ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ. ಮೊದಲು ಕಪ್ಪು ಚುಕ್ಕೆ, ಆಮೇಲೆ ಕುಳಿ. ಕುಳಿ ಬಿದ್ದ ಮೇಲೆ ಎಷ್ಟು ತಿಕ್ಕಿದರೂ ಅದು ಮಾಯವಾಗದು. ಇಂಗ್ಲಿಷರು ಉಪ್ಪಿನ ಬಟ್ಟಲುಗಳ ಒಳಮೈಗೆ ಚಿನ್ನದ ಲೇಪ ಕೊಟ್ಟದ್ದೂ ಇದೇ ಭಯಕ್ಕೆ. ಉಪ್ಪು, ಹುಳಿ, ಸಾಸಿವೆ ಒಟ್ಟಾಗಿರುವ ನಮ್ಮ ಉಪ್ಪಿನಕಾಯಿಯಂತೂ ಬರಿ ಬೆಳ್ಳಿಗೆ ಬೇಡವೇ ಬೇಡ.

ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆಯ ಹತ್ತಿ ಬಟ್ಟೆ ಸಾಕು. ವಿಭೂತಿ, ಹಲ್ಲುಪುಡಿ ಹಾಕಿ ಉಜ್ಜುವ ಅಭ್ಯಾಸ ನಮ್ಮಲ್ಲಿ ಬಹಳ, ಆದರೆ ಅದರಿಂದ ಮುದ್ರೆಗಳು ಸವೆಯುತ್ತವೆ. ಅಂಗಡಿಯ ಪಾಲಿಶ್ ಚಕ್ರಕ್ಕೂ ಕೊಡಬೇಡಿ. ಮುದ್ರೆ ಅಳಿಸಿದ ಪಾತ್ರೆಯ ಬೆಲೆ ಬೀಳುತ್ತದೆ, ಅದಕ್ಕಿಂತ ಹೆಚ್ಚಾಗಿ ಅದರ ಊರು, ಕಾಲಗಳೇ ಕಳೆದುಹೋಗುತ್ತವೆ.

ಹೊಸ ಗಾಜಿನ ಬಟ್ಟಲು ಮಾಡಿಸುವಾಗ ಪಾತ್ರೆಯ ಬಾಯಿ, ತಳ, ಆಳ ಮೂರನ್ನೂ ಅಳೆದುಕೊಡಿ. ಬಟ್ಟಲು ತುಸು ಸಡಿಲವಾಗಿಯೇ ಕೂರಲಿ. ಬಿಗಿಯಾದದ್ದನ್ನು ಒತ್ತಿ ಕೂರಿಸಿದರೆ ಅದೂ ಬಿರುಕು ಬಿಡುತ್ತದೆ.