ಮೈಸೂರಿನ ಹಾಸ್ಟೆಲ್ ಸೇರಿದ ಮಗಳು ದಿನವೂ ಅಳುತ್ತಾಳೆ, ವಾರವಾರವೂ ಮಂಡ್ಯಕ್ಕೆ ಕರೆತರಬೇಕೇ?

ಬೇಡ. ಮೊದಲ ನಾಲ್ಕೈದು ವಾರ ಅವಳು ಅಲ್ಲೇ ಇರಲಿ, ಬೇಕಿದ್ದರೆ ನೀವೇ ಹೋಗಿ ನೋಡಿ ಬನ್ನಿ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್, ತೊಡಕಿರುವುದೇ ಈ ಹತ್ತಿರದಲ್ಲಿ. ಬೇಸರವಾದಾಗಲೆಲ್ಲ ಮನೆಗೆ ಬಂದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ ನಿಜ, ಆದರೆ ಸಮಾಧಾನ ಸಿಗುವುದು ಮನೆಯಲ್ಲಿ ಮಾತ್ರ ಎಂದು ಮನಸ್ಸು ಕಲಿತುಬಿಡುತ್ತದೆ. ಮುಂದಿನ ಸೋಮವಾರ ಇನ್ನೂ ಭಾರ. ಗೆಳೆತನ ಕುದುರುವುದೂ ರಜೆಯ ದಿನವೇ: ಭಾನುವಾರ ಬಟ್ಟೆ ಒಗೆಯುವಾಗ, ಮೆಸ್ಸಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ. ಆ ಹೊತ್ತಿಗೆ ಅವಳು ಅಲ್ಲಿರಬೇಕು. ಫೋನಿನಲ್ಲಿ ‘ಊಟ ಆಯಿತೇನಮ್ಮ?’ ಎನ್ನುವುದರ ಜೊತೆಗೆ ‘ಯಾರ ಜೊತೆ ಕುಳಿತು ಊಟ ಮಾಡಿದೆ?’ ಎಂದೂ ಕೇಳಿ. ಊಟ, ನಿದ್ದೆ ಬಿಟ್ಟಿದ್ದರೆ ಅಥವಾ ಯಾರಾದರೂ ಅವಳನ್ನು ಕಾಡುತ್ತಿದ್ದರೆ ಮಾತೇ ಬೇರೆ, ಅಂದೇ ಹೊರಡಿ.