ಡೀಪ್ ಸೋಲ್ 45ಗಳು: ಮೂಲ ಪ್ರತಿಯೇ ಬೇಕಾ, ರೀಇಶ್ಯೂ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಹೊಸದಾಗಿ ಟರ್ನ್‌ಟೇಬಲ್ ತಗೊಂಡಿದ್ದೀರಿ. ಯಾರೂ ಹೆಸರು ಕೇಳದ ಗಾಯಕರ ಡೀಪ್ ಸೋಲ್ ಸಿಂಗಲ್‌ಗಳ ಹುಚ್ಚು ಹತ್ತಿದೆ. (ಸೋಲ್ ಅಂದರೆ ಅಮೆರಿಕದ ಕಪ್ಪು ಗಾಯಕರ ಸಂಗೀತ. ಸಿಂಗಲ್ ಅಂದರೆ ನಿಮಿಷಕ್ಕೆ 45 ಸುತ್ತು ತಿರುಗೋ ಸಣ್ಣ ತಟ್ಟೆ, ಅದಕ್ಕೇ '45' ಅನ್ನೋದು.) ಮೂಲ ಪ್ರತಿಗಳ ಬೆಲೆ ನೋಡಿ ಎದೆ ಧಸಕ್ ಅಂದಿದೆ. ಈಗ ಮತ್ತೆ ಅಚ್ಚಾಗಿ ಬರುತ್ತಿರುವ ರೀಇಶ್ಯೂ ತಗೊಂಡರೆ ಅದು ನಕಲು ಮಾಲು ಅನ್ನಿಸಿಕೊಳ್ಳುತ್ತಾ?

ಖಂಡಿತ ಇಲ್ಲ. ಧಾರಾಳವಾಗಿ ತಗೊಳ್ಳಿ. ಆದರೆ ಕಣ್ಣು ಬಿಟ್ಟುಕೊಂಡು ತಗೊಳ್ಳಿ.

ನಾನು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಕೆಲಸಕ್ಕೆ ಅಂತ ಬಂದವನಿಗೆ ಈ ಊರಲ್ಲಿ ಒಂದು ಕಾಲಕ್ಕೆ ಸೋಲ್ ಕಂಪನಿ ಇತ್ತು ಅನ್ನೋದೇ ಗೊತ್ತಿರಲಿಲ್ಲ. 1970ರ ಸುಮಾರಿಗೆ ಇಲ್ಲಿನ ರೇಡಿಯೊದಲ್ಲಿ ಹಾಡು ಹಾಕುತ್ತಿದ್ದ ಬಿಲ್ ಮಾಸ್ ಅನ್ನುವವರು ಕ್ಯಾಪ್‌ಸೋಲ್ ಅಂತ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಶುರು ಮಾಡಿದರು. ಬೆರಳೆಣಿಕೆಯಷ್ಟು ಸಿಂಗಲ್ ತಂದು, ಕೆಲವೇ ವರ್ಷದಲ್ಲಿ ಮುಚ್ಚಿಹೋಯಿತು. ಅವರ ಒಂದು ತಂಡದ ಹೆಸರು 'ಜಾನ್ಸನ್, ಹಾಕಿನ್ಸ್, ಟೇಟಮ್ ಅಂಡ್ ಡರ್'. ಸುಮ್ನೆ ನೋಡಿದರೆ ವಕೀಲರ ಆಫೀಸಿನ ಬೋರ್ಡು ಅಂದುಕೊಳ್ಳಬೇಕು! ಆದರೆ ಅವರ 'ಯು ಕಾಂಟ್ ಬ್ಲೇಮ್ ಮಿ' ಕೇಳಿ ನೋಡಿ, ಆಮೇಲೆ ನಗು ಬರಲ್ಲ. 2003ರಲ್ಲಿ ಶುರುವಾದ, ಹಳೇ ಹಾಡುಗಳನ್ನು ಮತ್ತೆ ಹೊರತರುವ ಷಿಕಾಗೋದ ಕಂಪನಿ ನ್ಯೂಮೆರೊ ಗ್ರೂಪ್ ಮರುವರ್ಷ ತಂದ ಮೊದಲ ಸಂಕಲನವೇ ಈ ಕ್ಯಾಪ್‌ಸೋಲ್ ಹಾಡುಗಳದ್ದು.

ಡೀಪ್ ಸೋಲ್ ಅಂದರೆ ಸೋಲ್‌ನಲ್ಲೇ ನಿಧಾನದ್ದು. ಚರ್ಚಿನಲ್ಲಿ ದೇವರನ್ನು ಕೂಗಿದ ಗಂಟಲಲ್ಲೇ ಬಿಟ್ಟುಹೋದವಳನ್ನು ಕೂಗೋದು. ಈ ಹೆಸರನ್ನು ಚಾಲ್ತಿಗೆ ತಂದವರು ಇಂಗ್ಲೆಂಡಿನ ಸಂಗೀತ ಬರಹಗಾರ ಡೇವ್ ಗಾಡಿನ್. 1997ರಿಂದ ಅವರು ಲಂಡನ್ನಿನ ಕೆಂಟ್ ಲೇಬಲ್‌ಗೆ ಆರಿಸಿಕೊಟ್ಟ ನಾಲ್ಕು ಸಂಕಲನಗಳಿವೆ. ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಅವನ್ನೇ.

ಮೂಲ ಪ್ರತಿಗಳು ಯಾಕೆ ಸಿಗಲ್ಲ? ಸಣ್ಣ ಕಂಪನಿಗಳು. ಸೋಲ್ ಗಾಯಕ ಜೇಮ್ಸ್ ಕಾರ್ ಹಾಡಿದ್ದ ಮೆಂಫಿಸ್‌ನ ಗೋಲ್ಡ್‌ವ್ಯಾಕ್ಸ್ ಕಂಪನಿಯ ಪಾಲುದಾರರಲ್ಲಿ ಒಬ್ಬರು ಔಷಧಿ ಅಂಗಡಿಯವರು. ಅದಾದರೂ ಹೆಸರು ಮಾಡಿತು. ಉಳಿದವರು ಕೈಯಲ್ಲಿದ್ದ ಕಾಸಿಗೆ ಎಷ್ಟು ಬರುತ್ತೋ ಅಷ್ಟು ತಟ್ಟೆ ಒತ್ತಿಸಿ, ಊರಿನ ರೇಡಿಯೊಗೆ ಕೊಟ್ಟು, ಮಿಕ್ಕಿದ್ದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾರಿದವರು. ಪಕ್ಕದ ರಾಜ್ಯಕ್ಕೆ ಹಾಡು ತಲುಪಲೇ ಇಲ್ಲ.

ಈಗ ಹಣದ ವಿಷಯ, ನನಗೆ ಮುಖ್ಯ ಅನ್ನಿಸೋದು ಇದೇ. ಡೀಪ್ ಅಲ್ಲ, ಕುಣಿಯುವ ಸೋಲ್‌ನ ಉದಾಹರಣೆ ಇದು: 1965ರ ಫ್ರಾಂಕ್ ವಿಲ್ಸನ್ ಸಿಂಗಲ್‌ನ ಒಂದು ಪ್ರತಿ 2009ರಲ್ಲಿ 25,742 ಪೌಂಡಿಗೆ ಹೋಯಿತು. 2020ರಲ್ಲಿ ಸುಮಾರು ಒಂದು ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ದುಡ್ಡು ಒಬ್ಬ ಸಂಗ್ರಾಹಕನ ಜೇಬಿನಿಂದ ಇನ್ನೊಬ್ಬನ ಜೇಬಿಗೆ, ಅಷ್ಟೇ. ಹಳೇ ತಟ್ಟೆ ಕೈ ಬದಲಾದಾಗ ಹಾಡಿದವರಿಗೆ ಕವಡೆ ಕಾಸೂ ಇಲ್ಲ. ಹಕ್ಕು ಪಡೆದು ಮಾಡಿದ ರೀಇಶ್ಯೂ ಆದರೆ ಏನಾದರೂ ತಲುಪುವ ದಾರಿಯಾದರೂ ಇರುತ್ತೆ.

ಇದೇ ಊರಿನ ಇನ್ನೊಂದು ಕತೆ ಕೇಳಿ. ಇಲ್ಲಿನ ಒಂದು ಹಳೇ ಸ್ಟುಡಿಯೊ ಮಾಲೀಕರ ಮನೆ ಸಾಮಾನು ಮಾರಾಟಕ್ಕೆ ಬಂದಾಗ ಒಂದಷ್ಟು ಟೇಪ್ ಸಿಕ್ಕಿದವು. ಅದರಲ್ಲೊಂದು ಹಾಡು, ಬರೀ ಒಂದು ಗಿಟಾರ್, ಒಂದು ಹುಡುಗಿಯ ದನಿ, ಹಿಂದೆ ಕೆಲವರ ಗುನುಗು. ಡ್ರಮ್ಮೇ ಇಲ್ಲ. ಗುರುತಿಗೆ ಸಿಕ್ಕಿದ್ದು 'ಪೆನ್ನಿ ಅಂಡ್ ದ ಕ್ವಾರ್ಟರ್ಸ್' ಅನ್ನೋ ಹೆಸರೊಂದೇ. ನ್ಯೂಮೆರೊ ಅದನ್ನು 2007ರಲ್ಲಿ ಹೊರತಂದಿತು. 2010ರಲ್ಲಿ ಒಂದು ಅಮೆರಿಕನ್ ಸಿನಿಮಾದಲ್ಲಿ ಬಂದು ಎಲ್ಲರ ಬಾಯಲ್ಲೂ ಅದೇ ಹಾಡು. ಆದರೆ ಪೆನ್ನಿ ಯಾರು? ಹುಡುಕಾಟ ಶುರುವಾಯಿತು. ಸುದ್ದಿ ಪತ್ರಿಕೆಗೂ ಹೋಯಿತು. 2011ರಲ್ಲಿ ಆಕೆ ಸಿಕ್ಕರು. ಯಾವತ್ತೋ ಹಾಡಿ ಬಂದಿದ್ದ ಡೆಮೊ (ಮಾದರಿಗೆ ಅಂತ ಮಾಡಿದ ರೆಕಾರ್ಡಿಂಗ್), ನಲವತ್ತು ವರ್ಷ ಆದ ಮೇಲೆ! ಈ ಕತೆಯಲ್ಲಿ ಮೂಲ ಪ್ರತಿ ಅನ್ನೋದೇ ಇಲ್ಲ, ಗಮನಿಸಿದಿರಾ? ರೀಇಶ್ಯೂ ಮಾಡೋರು ಹೊರಗೆ ತರದಿದ್ದರೆ ಹಾಡೇ ಇರುತ್ತಿರಲಿಲ್ಲ.

ಇನ್ನು ಸದ್ದು. ಅಮೆರಿಕದಲ್ಲಿ ಆಗಿನ ಎಷ್ಟೋ 45ಗಳು ವಿನೈಲೇ ಅಲ್ಲ, ಸ್ಟೈರೀನ್ ಅನ್ನೋ ಗಡುಸು ಪ್ಲಾಸ್ಟಿಕ್. ಭಾರವಾದ ಮುಳ್ಳು ಹತ್ತಾರು ಸಲ ಓಡಿದರೆ ಗೀರು ಕಾಣದಿದ್ದರೂ ಸದ್ದು ಸವೆದಿರುತ್ತೆ, ಗಾಯಕಿ ದನಿ ಎತ್ತಿದಲ್ಲೆಲ್ಲ ಬುಸ್ ಅನ್ನುತ್ತೆ. ಟೇಪ್‌ನಿಂದ ಮಾಡಿದ ರೀಇಶ್ಯೂ ಅದಕ್ಕಿಂತ ಎಷ್ಟೋ ವಾಸಿ. ಟೇಪ್ ಕಳೆದುಹೋಗಿದ್ದರೆ ಇರೋದರಲ್ಲೇ ಚೆನ್ನಾಗಿರುವ ತಟ್ಟೆಯಿಂದ ಎತ್ತಿಕೊಳ್ಳುತ್ತಾರೆ. ಆಗ ಹೊಸ ತಟ್ಟೆಯಲ್ಲೂ ಸ್ವಲ್ಪ ಚಿಟಿಚಿಟಿ ಕೇಳಿಸಬಹುದು, ನಿಮ್ಮ ಮುಳ್ಳಿನ ತಪ್ಪಲ್ಲ.

ಕಣ್ಣು ಬಿಟ್ಟುಕೊಂಡು ಅಂದೆನಲ್ಲ, ಅದು ಬೂಟ್‌ಲೆಗ್, ಅಂದರೆ ಹಕ್ಕಿಲ್ಲದೆ ಒತ್ತಿಸಿದ ಕಳ್ಳ ಪ್ರತಿಗಳ, ಹಾವಳಿಗೆ. ನಾನೇ ಮೋಸ ಹೋಗಿದ್ದೇನೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ 'ಒರಿಜಿನಲ್, ಗ್ಯಾರಂಟಿ' ಅಂತ ನಂಬಿ 85 ಡಾಲರ್ ಕೊಟ್ಟೆ. ಬಂದ ಮೇಲೆ ನೋಡಿದರೆ ತಟ್ಟೆಯ ನಡುವಿನ ಕಾಗದದ ಲೇಬಲ್ಲಿನ ಅಕ್ಷರಗಳ ಅಂಚು ಜೆರಾಕ್ಸ್ ಮಾಡಿದ ಹಾಗೆ ಮಸುಕು. ಹಾಡು ಮುಗಿದು ಲೇಬಲ್ ಶುರುವಾಗೋ ತನಕ ಖಾಲಿ ಜಾಗ ಇರುತ್ತಲ್ಲ, ಅಲ್ಲಿ ಒಂದು ನಂಬರ್ ಇರುತ್ತೆ. ಆ ಸಿಂಗಲ್‌ನ ನಿಜವಾದ ಪ್ರತಿಯಲ್ಲಿ ಅದು ಯಂತ್ರದ ಅಚ್ಚು. ನನ್ನದರಲ್ಲಿ ಮೊಳೆ ತಗೊಂಡು ಗೀಚಿದ ಹಾಗಿತ್ತು. ಎಲ್ಲ ಮೂಲ ಪ್ರತಿಗಳಲ್ಲೂ ಅಚ್ಚೇ ಇರಬೇಕು ಅಂತಿಲ್ಲ, ಕೈಬರಹದವೂ ಇವೆ. ಅದಕ್ಕೇ ಮೊದಲು ಆ ಜಾಗದ ಫೋಟೊ ಕೇಳಿ, ಗೊತ್ತಿರುವ ಪ್ರತಿಯ ಜೊತೆ ಹೋಲಿಸಿ. ಫೋಟೊ ಕಳಿಸಲು ಸತಾಯಿಸಿದರೆ ಅಲ್ಲೇ ಬಿಟ್ಟುಬಿಡಿ. ರೀಇಶ್ಯೂ ಆದರೆ, ಯಾರಿಂದ ಹಕ್ಕು ಪಡೆದಿದ್ದು ಅಂತ ಎಲ್ಲಾದರೂ ಒಂದು ಸಾಲು ಇದೆಯಾ ನೋಡಿ.

'ಯುರೋಪಿನಲ್ಲಿ ಹಳೇ ಹಾಡಿಗೆ ಹಕ್ಕೇ ಇಲ್ಲ ಸಾರ್' ಅಂತ ಕೆಲವರು ವಾದ ಹೂಡುತ್ತಾರೆ. ಅಲ್ಲಿ ಅವಧಿ ಮುಗಿದಿರೋದು 1962ರ ಕೊನೆಯೊಳಗೆ ಬಿಡುಗಡೆಯಾದ ರೆಕಾರ್ಡಿಂಗ್‌ಗಳಿಗೆ. ಡೀಪ್ ಸೋಲ್ ಸುಗ್ಗಿ ಬಂದದ್ದು 1964ರಿಂದ ಈಚೆಗೆ, ಹಾಗಾಗಿ ಆ ವಾದ ಇಲ್ಲಿ ನಡೆಯಲ್ಲ.

ಮೊದಲ ಖರೀದಿಗೆ ಯು ಕಾಂಟ್ ಬ್ಲೇಮ್ ಮಿ ಹುಡುಕಿ. ಜೊತೆಗೆ ಬೆಸ್ಸಿ ಬ್ಯಾಂಕ್ಸ್ ಹಾಡಿ 1964ರಲ್ಲಿ ಬಿಡುಗಡೆಯಾದ 'ಗೋ ನೌ' ಕೇಳಿ. ಅದೇ ಹಾಡನ್ನು ಇಂಗ್ಲೆಂಡಿನ ಮೂಡಿ ಬ್ಲೂಸ್ ತಂಡದವರು ಹಾಡಿ 1965ರ ಜನವರಿಯಲ್ಲಿ ಅಲ್ಲಿ ನಂಬರ್ ಒನ್ ಆದರು, ಈಕೆಯ ಹೆಸರು ಯಾರಿಗೂ ನೆನಪಿಲ್ಲ. ಭಾರತಕ್ಕೆ ತರಿಸೋದಾದರೆ ಒಂದೊಂದೇ ತರಿಸಬೇಡಿ, ಅಂಚೆ ಖರ್ಚೇ ತಟ್ಟೆಗಿಂತ ಜಾಸ್ತಿ ಆಗುತ್ತೆ. ನಾಲ್ಕೈದು ಒಟ್ಟಿಗೆ ಸೇರಿಸಿ.

ಮರೆತಿದ್ದೆ, ತಟ್ಟೆಯ ನಡುವಿನ ತೂತಿಗೆ ಕೂರಿಸೋ ಅಡಾಪ್ಟರ್ ಇದೆಯಾ? ಅಮೆರಿಕದ 45ರ ನಡುವಿನ ತೂತು ಒಂದೂವರೆ ಇಂಚು ಅಗಲ. ನನ್ನ ಮೊದಲ ಸಿಂಗಲ್ ಬಂದ ರಾತ್ರಿ ನನ್ನ ಹತ್ತಿರ ಇರಲಿಲ್ಲ. ತಡೆಯಲಾರದೆ ಕಣ್ಣಳತೆಯಲ್ಲೇ ಕೂರಿಸಿ ಮುಳ್ಳು ಇಟ್ಟೆ. ಜಾನ್ಸನ್, ಹಾಕಿನ್ಸ್, ಟೇಟಮ್, ಡರ್ ನಾಲ್ಕು ಜನವೂ ಕುಡಿದವರ ಹಾಗೆ ತೂರಾಡಿಕೊಂಡು ಹಾಡಿದರು.